ಸ್ಕ್ರೂಜ್ ಕೈಗೆ ಕೆಲಸ ಕೊಡಿ: ‘ಎ ಕ್ರಿಸ್ಮಸ್ ಕ್ಯಾರಲ್’ ರಂಗಕ್ಕೆ ತರುವವರಿಗೆ

ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಓದಿದರೆ ಅರ್ಧ ನಾಟಕ ಆಗಲೇ ತಯಾರಿದೆ ಅನ್ನಿಸುತ್ತದೆ. ಮಾತುಕತೆ ಧಾರಾಳವಾಗಿದೆ, ಐದು ಅಧ್ಯಾಯಗಳು ಐದು ಅಂಕಗಳ ಹಾಗೆ ನಿಂತಿವೆ, ಭೂತಕಾಲ, ವರ್ತಮಾನ, ಭವಿಷ್ಯದ ದೆವ್ವಗಳು ಗಂಟೆ ಹೊಡೆದ ತಕ್ಷಣ ಬರುತ್ತವೆ. ಆ ನಂಬಿಕೆಯಲ್ಲಿ ಸಂಭಾಷಣೆಗಳನ್ನಷ್ಟೇ ಎತ್ತಿ ಜೋಡಿಸಿಕೊಂಡು ತಾಲೀಮಿಗೆ ಇಳಿದವರು ಸ್ವಲ್ಪ ದಿನದಲ್ಲೇ ಒಂದು ಗೋಡೆಗೆ ಹಾಯುತ್ತಾರೆ. ಎರಡನೇ ಅಧ್ಯಾಯದಿಂದ ನಾಲ್ಕನೆಯದರ ತನಕ ಕಥಾನಾಯಕ, ಜಿಪುಣ ಮುದುಕ ಸ್ಕ್ರೂಜ್, ಏನೂ ಮಾಡುವುದಿಲ್ಲ, ನಿಂತು ನೋಡುತ್ತಾನೆ. ಅವನು ನೋಡುವ ಜನಕ್ಕೆ ಅವನು ಕಾಣುವುದಿಲ್ಲ, ಅವನ ಮಾತು ಕೇಳುವುದೂ ಇಲ್ಲ. ಪುಸ್ತಕದಲ್ಲಿ ಇದು ಚೆನ್ನ, ಯಾಕೆಂದರೆ ಓದುಗ ಅವನ ತಲೆಯೊಳಗೆ ಕೂತಿರುತ್ತಾನೆ. ರಂಗದ ಮೇಲೆ ನೈಟ್‌ಗೌನ್ ಹಾಕಿದ ಮುದುಕನೊಬ್ಬ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರೆ ಪ್ರೇಕ್ಷಕರು ಐದು ನಿಮಿಷದಲ್ಲಿ ಅವನನ್ನು ಮರೆತೇಬಿಡುತ್ತಾರೆ.

ಈ ಕಥೆಯ ರಂಗರೂಪ ಗೆಲ್ಲುವುದೂ ಸೋಲುವುದೂ ಇಲ್ಲೇ. ಏನು ಕತ್ತರಿಸಬೇಕು, ಏನು ಉಳಿಸಬೇಕು, ಮಂಚ ಎಲ್ಲಿಡಬೇಕು ಅನ್ನುವ ಪ್ರಶ್ನೆಗಳಿಗೆಲ್ಲ ಒಂದೇ ಪರೀಕ್ಷೆ: ಈ ದೃಶ್ಯದಲ್ಲಿ ಸ್ಕ್ರೂಜ್‌ಗೆ ಏನು ಬೇಕು, ಅದಕ್ಕಾಗಿ ಅವನು ಏನು ಮಾಡುತ್ತಾನೆ?

ಡಿಕನ್ಸ್ ಅಲ್ಲಲ್ಲಿ ದಾರಿ ತೋರಿಸಿಟ್ಟಿದ್ದಾನೆ. ಸ್ಕ್ರೂಜ್ ಹರೆಯದಲ್ಲಿ ದುಡಿಯುತ್ತಿದ್ದ ಯಜಮಾನ ಫೆಜ್ಜಿವಿಗ್‌ನ ಹಬ್ಬದ ಕುಣಿತ ಮುಗಿದಾಗ ಭೂತಕಾಲದ ದೆವ್ವ ಬೇಕೆಂದೇ ಕೆಣಕುತ್ತದೆ: ಆ ಯಜಮಾನ ಖರ್ಚು ಮಾಡಿದ್ದು ಮೂರ್ನಾಲ್ಕು ಪೌಂಡು, ಅದಕ್ಕೆ ಇಷ್ಟೊಂದು ಹೊಗಳಿಕೆಯೇ ಅಂತ. ಸ್ಕ್ರೂಜ್‌ಗೆ ರೇಗುತ್ತದೆ. ಒಬ್ಬ ಯಜಮಾನ ತನ್ನ ನೋಟದಿಂದ, ಮಾತಿನಿಂದ ಆಳುಗಳ ಬದುಕನ್ನು ಹಗುರ ಮಾಡಬಲ್ಲ ಅಂತ ವಾದಕ್ಕೇ ನಿಲ್ಲುತ್ತಾನೆ, ಮಾತಿನ ನಡುವೆ ಗಕ್ಕನೆ ನಿಲ್ಲುತ್ತಾನೆ, ತನ್ನ ಗುಮಾಸ್ತನಿಗೆ ಒಂದು ಮಾತು ಹೇಳಬೇಕಿತ್ತು ಅನ್ನುತ್ತಾನೆ. ಇಡೀ ಕಥೆಯ ತಿರುಗಣೆ ಇದು. ಇದನ್ನು ಕತ್ತರಿಸಿ ಕುಣಿತವನ್ನು ಎರಡು ನಿಮಿಷ ಹೆಚ್ಚು ಮಾಡಿದ ರಂಗರೂಪಗಳು ಎಷ್ಟೋ ಇವೆ. ತಪ್ಪು ಲೆಕ್ಕ. ಹೀಗೇ ಸೋದರಳಿಯ ಫ್ರೆಡ್‌ನ ಮನೆಯ ಆಟದಲ್ಲಿ ಸ್ಕ್ರೂಜ್ ತಾನೂ ಉತ್ತರ ಕೂಗುತ್ತಾನೆ, ಇನ್ನೊಂದಿಷ್ಟು ಹೊತ್ತು ಇರೋಣ ಅಂತ ಅಂಗಲಾಚುತ್ತಾನೆ. ಗುಮಾಸ್ತನ ಕಾಯಿಲೆಯ ಮಗ ಟೈನಿ ಟಿಮ್ ಬದುಕುತ್ತಾನೋ ಇಲ್ಲವೋ ಅಂತ ಕೇಳಿದಾಗ ದೆವ್ವ ಅವನದೇ ಮಾತನ್ನು ಅವನ ಮುಖಕ್ಕೆ ತಿರುಗಿಸುತ್ತದೆ. ಇಂಥ ಕಡೆಗಳಿಗೆ ಮೊದಲು ಗುರುತು ಹಾಕಿಕೊಳ್ಳಿ. ಇಲ್ಲದ ಕಡೆ ನೀವೇ ಕೊಡಬೇಕು: ಖಾಲಿ ತರಗತಿಯಲ್ಲಿ ಒಂಟಿಯಾಗಿ ಕೂತ ಹುಡುಗನ ಪಕ್ಕ ಹೋಗಿ ಕೂರಲಿ, ತಂಗಿ ಫ್ಯಾನ್ ಓಡಿ ಬಂದಾಗ ಅಪ್ಪಿಕೊಳ್ಳಲು ಕೈ ಚಾಚಲಿ, ಅವಳು ಅವನನ್ನು ದಾಟಿ ಆ ಹುಡುಗನನ್ನು ಅಪ್ಪಲಿ. ಒಂದು ಸಾಲು ಮಾತೂ ಬೇಕಿಲ್ಲ.

ಸಮಯದ ಲೆಕ್ಕ

ಮೂಲ ಇಂಗ್ಲಿಷಿನಲ್ಲಿ ಸುಮಾರು 28,000 ಪದ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಡಿಕನ್ಸ್ ಇದನ್ನು ಮೊದಲ ಸಲ ಸಾರ್ವಜನಿಕವಾಗಿ ಓದಿದಾಗ ಹತ್ತಿರಹತ್ತಿರ ಮೂರು ಗಂಟೆ ಹಿಡಿಯಿತು. ಆಮೇಲೆ ಅವನೇ ಕತ್ತರಿ ಹಿಡಿದ. ಅಚ್ಚಾದ ಪ್ರತಿಯನ್ನು ಬಿಚ್ಚಿ ಹಾಳೆಗಳನ್ನು ದೊಡ್ಡ ಕಾಗದಕ್ಕೆ ಅಂಟಿಸಿಕೊಂಡು, ವರ್ಣನೆಗಳ ಮೇಲೆ ಗೀಟು ಎಳೆಯುತ್ತ, ಅಂಚಿನಲ್ಲಿ ದನಿಯ ಸೂಚನೆ ಬರೆಯುತ್ತ ವರ್ಷದಿಂದ ವರ್ಷಕ್ಕೆ ಚಿಕ್ಕದು ಮಾಡಿದ. ಆ ಪ್ರತಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ. ಬರೆದವನೇ ಇಷ್ಟು ನಿರ್ದಯವಾಗಿ ಕತ್ತರಿಸಿದ್ದಾನೆ ಅಂದಮೇಲೆ ನೀವು ಕೈ ನಡುಗಿಸಬೇಕಿಲ್ಲ.

ವಿರಾಮ ಬಿಟ್ಟು 90 ನಿಮಿಷ ಸರಿಯಾದ ಅಳತೆ. ಹಂಚಿಕೆ ಹೀಗೆ ಬರುತ್ತದೆ: ಆರಂಭ ಮತ್ತು ಸ್ಕ್ರೂಜ್‌ನ ಕಚೇರಿ 14 ನಿಮಿಷ, ಸತ್ತ ಪಾಲುದಾರ ಮಾರ್ಲಿಯ ದೆವ್ವ 10, ಭೂತಕಾಲ 20, ವಿರಾಮದ ನಂತರ ವರ್ತಮಾನ 22, ಭವಿಷ್ಯ 13, ಕ್ರಿಸ್ಮಸ್ ಬೆಳಗು ಮತ್ತು ಮುಕ್ತಾಯ 11. ಕಚೇರಿಯ ದೃಶ್ಯ 14 ದಾಟಲು ಬಿಡಬೇಡಿ. ಗುಮಾಸ್ತ ಬಾಬ್ ಕ್ರ್ಯಾಚಿಟ್, ಫ್ರೆಡ್, ದಾನ ಕೇಳಲು ಬರುವ ಇಬ್ಬರು, ಬಾಗಿಲ ಬಳಿ ಹಾಡುವ ಹುಡುಗ, ಹೀಗೆ ಒಬ್ಬರ ಹಿಂದೆ ಒಬ್ಬರು ಬರುವ ದೃಶ್ಯವಾದ್ದರಿಂದ ಎಲ್ಲರೂ ಅಲ್ಲೇ ನಿಧಾನ ಮಾಡುತ್ತಾರೆ. ಸ್ಕ್ರಿಪ್ಟಿನ ಪದ ಎಣಿಸಿ ಪ್ರಯೋಜನವಿಲ್ಲ. ಇಂಗ್ಲಿಷಿನ ನಾಲ್ಕು ಪದ ಕನ್ನಡದಲ್ಲಿ ಎರಡಾಗುತ್ತದೆ. ಎಲ್ಲರೂ ಸುತ್ತ ಕೂತು ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ, ಬಂದ ಹೊತ್ತಿಗೆ ನಾಲ್ಕನೇ ಒಂದು ಭಾಗ ಸೇರಿಸಿ. ಓಡಾಟ, ದೃಶ್ಯ ಬದಲಾವಣೆ, ಹಾಡು, ನಗು ಎಲ್ಲ ಅದರಲ್ಲಿ ಬಂತು. ಓದಿಗೇ 72 ನಿಮಿಷ ದಾಟಿದರೆ ಇನ್ನೂ ಕತ್ತರಿಸಬೇಕು.

ಮೊದಲು ಹೋಗಬೇಕಾದ್ದು ವರ್ತಮಾನದ ದೆವ್ವ ಕರೆದೊಯ್ಯುವ ಗಣಿಗಾರರ ಗುಡಿಸಲು, ದೀಪಸ್ತಂಭ, ಹಡಗು. ಪುಸ್ತಕದಲ್ಲಿ ಸೊಗಸಾದ ಪುಟಗಳೇ. ರಂಗದಲ್ಲಿ ಮೂರು ಹೊಸ ಜಾಗ ಕಟ್ಟಿ ನಿಮಿಷಕ್ಕೊಂದರಂತೆ ಒಡೆಯಬೇಕಾಗುತ್ತದೆ, ಸ್ಕ್ರೂಜ್‌ಗೆ ಅಲ್ಲಿ ಕೆಲಸವೇ ಇಲ್ಲ. ಬೇಕೆನಿಸಿದರೆ ಮೂರು ಕಡೆಯಿಂದ ಒಂದೇ ಹಾಡಿನ ಮೂರು ಸಾಲು ಕೇಳಿಸಿ ಮುಂದೆ ಸಾಗಿ. ಹೋಗಬಾರದ್ದು ಹಳೆ ಸಾಮಾನಿನ ಜೋ ಅಂಗಡಿ. ಸತ್ತವನ ಮಂಚದ ಪರದೆ, ಅಂಗಿ ಕದ್ದು ತಂದವರು ಅಲ್ಲಿ ಚೌಕಾಸಿ ಮಾಡುತ್ತಾರೆ. ಮಕ್ಕಳು ನೋಡುತ್ತಾರೆ ಅಂತ ಅನೇಕರು ಇದನ್ನು ತೆಗೆದುಹಾಕುತ್ತಾರೆ. ತೆಗೆದರೆ ಸ್ಕ್ರೂಜ್‌ಗೆ ತನ್ನ ಸಾವಿನ ಬೆಲೆ ಎಷ್ಟು ಅನ್ನುವುದು ಗೊತ್ತಾಗುವುದೇ ಇಲ್ಲ, ಸಮಾಧಿಯ ಎದುರು ಅವನು ಗೋಳಾಡುವುದು ಬರೀ ಸಾವಿನ ಭಯದಂತೆ ಕಾಣುತ್ತದೆ.

ಇನ್ನು ಗಂಟೆಯ ಗೊಂದಲ. ಪುಸ್ತಕದಲ್ಲಿ ಮಾರ್ಲಿ ಮೂರು ರಾತ್ರಿಗಳ ಲೆಕ್ಕ ಹೇಳುತ್ತಾನೆ: ಮೊದಲನೆಯದು ನಾಳೆ ಒಂದು ಗಂಟೆಗೆ, ಎರಡನೆಯದು ಮರುರಾತ್ರಿ ಅದೇ ಹೊತ್ತಿಗೆ, ಮೂರನೆಯದು ಅದರ ಮರುರಾತ್ರಿ ಹನ್ನೆರಡರ ಕೊನೆಯ ಹೊಡೆತಕ್ಕೆ. ಕೊನೆಗೆ ನೋಡಿದರೆ ಎಲ್ಲ ಒಂದೇ ರಾತ್ರಿಯಲ್ಲಿ ಮುಗಿದಿರುತ್ತದೆ. ಸ್ಕ್ರೂಜ್‌ಗೆ ಅದು ಸಂತೋಷದ ಅಚ್ಚರಿ, ಪ್ರೇಕ್ಷಕರಿಗೆ ಲೆಕ್ಕ ತಪ್ಪಿದ ಹಾಗೆ. ಇದೇ ರಾತ್ರಿ ಒಂದಕ್ಕೆ, ಎರಡಕ್ಕೆ, ಮೂರಕ್ಕೆ ಅಂತ ಮಾಡಿಬಿಡಿ. ಗಂಟೆ ಎಷ್ಟು ಹೊಡೆಯಿತು ಅಂತ ಜನ ಎಣಿಸತೊಡಗುತ್ತಾರೆ, ಮೂರನೇ ಹೊಡೆತಕ್ಕೆ ಕಾಯುತ್ತಾರೆ.

ನಿರೂಪಕ ಬೇಕೇ? ಸ್ವಲ್ಪ ಬೇಕು. ಮಾರ್ಲಿ ಸತ್ತಿದ್ದಾನೆ ಅನ್ನುವುದು ಮೊದಲ ನಿಮಿಷದಲ್ಲೇ ಎಲ್ಲರಿಗೂ ಖಚಿತವಾಗಬೇಕು, ಇಲ್ಲದಿದ್ದರೆ ಅವನ ದೆವ್ವ ಬಂದಾಗ ಯಾರೋ ಸರಪಳಿ ಹೊತ್ತ ಗೆಳೆಯ ಬಂದ ಹಾಗಾಗುತ್ತದೆ. ಡಿಕನ್ಸ್ ಇದೇ ಮಾತಿಗೆ ಹ್ಯಾಮ್ಲೆಟ್‌ನ ತಂದೆಯನ್ನು ಉದಾಹರಣೆ ಕೊಡುತ್ತಾನೆ. ಒಬ್ಬನೇ ನಿರೂಪಕನನ್ನು ಮೂಲೆಯಲ್ಲಿ ಪುಸ್ತಕ ಹಿಡಿಸಿ ಕೂರಿಸುವುದು ಮಾತ್ರ ಬೇಡ. ಅವನು ಬಾಯಿ ತೆರೆದಾಗಲೆಲ್ಲ ರಂಗ ನಿಂತುಹೋಗುತ್ತದೆ. ಸಾಲುಗಳನ್ನು ಮೇಳಕ್ಕೆ ಹಂಚಿ, ಕೆಲಸ ಮಾಡುತ್ತಲೇ ಹೇಳಲಿ: ಮೇಜು ತಳ್ಳುವವನು ಒಂದು ಸಾಲು, ದೀಪ ಹಚ್ಚುವವಳು ಇನ್ನೊಂದು. ಸ್ಕ್ರೂಜ್ ಎಷ್ಟು ಜಿಪುಣ ಅನ್ನುವ ವರ್ಣನೆಯೆಲ್ಲ ದಂಡ. ಬಾಬ್ ಇದ್ದಿಲು ತೆಗೆಯಲು ಸಲಿಕೆ ಹಿಡಿದು ಬರುತ್ತಾನೆ, ಸ್ಕ್ರೂಜ್ ತಲೆ ಎತ್ತಿ ನೋಡುತ್ತಾನೆ, ಬಾಬ್ ಹಿಂದಿರುಗಿ ಮೇಣದಬತ್ತಿಗೆ ಕೈಕಾಯಿಸುತ್ತಾನೆ. ಅಷ್ಟೇ ಸಾಕು.

ಒಂದು ಮಂಚ, ಎರಡು ಜೊತೆ ಪರದೆ

ಕಥೆಯಲ್ಲಿ ಇಪ್ಪತ್ತರ ಹತ್ತಿರ ಜಾಗಗಳಿವೆ. ಒಂದೊಂದಕ್ಕೂ ರಂಗಸಜ್ಜಿಕೆ ಕಟ್ಟಲು ಹೋದವರು ಕತ್ತಲಲ್ಲೇ ಕಾಲು ಗಂಟೆ ಕಳೆಯುತ್ತಾರೆ. ಒಂದು ಮಂಚ ಸಾಕು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ನಾಲ್ಕು ಕಂಬ, ಮೇಲೆ ಚೌಕಟ್ಟು, ಕೆಳಗೆ ಬ್ರೇಕ್ ಇರುವ ಚಕ್ರ. ಅಗಲ ಇನ್ನೂ ಹೆಚ್ಚಿದರೆ ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್ಸ್‌ನಲ್ಲಿ, ತಿರುಗುವುದಿಲ್ಲ. ಹಲಗೆ ಹಾಕಿದರೆ ಅದೇ ಕ್ರ್ಯಾಚಿಟ್ ಮನೆಯ ಊಟದ ಮೇಜು, ಬಿಳಿ ಬಟ್ಟೆ ಹೊದಿಸಿದರೆ ಹೆಣ ಮಲಗಿದ ಮಂಚ, ತಲೆಯ ಕಡೆಯ ಹಲಗೆ ತಿರುಗಿಸಿದರೆ ಹೆಸರು ಕೆತ್ತಿದ ಸಮಾಧಿ ಕಲ್ಲು. ಸ್ಕ್ರೂಜ್ ಅದೇ ಮಂಚ ಹಿಡಿದು ಅತ್ತು, ಅದೇ ಮಂಚದಲ್ಲಿ ಎದ್ದು ಕೂರುತ್ತಾನೆ. ಪುಸ್ತಕದಲ್ಲೂ ದೆವ್ವ ಕುಗ್ಗಿ ಕುಸಿದು ಮಂಚದ ಕಂಬವಾಗುತ್ತದೆ. ನಾಲ್ಕು ಚಕ್ರಕ್ಕೂ ಬ್ರೇಕ್ ಹಾಕಿದ್ದನ್ನು ಕೈಯಿಂದ ಮುಟ್ಟಿ ನೋಡುವ ಕೆಲಸವನ್ನು ಒಬ್ಬರ ಹೆಸರಿಗೇ ಬರೆಯಿರಿ. ಸ್ಕ್ರೂಜ್ ಬೆಳಗಿನ ಖುಷಿಯಲ್ಲಿ ಮಂಚದ ಮೇಲೆ ಕುಣಿಯುವಾಗ ಅದು ಜಾರಿತೋ, ಮುಂದಿನ ಸಾಲಿನವರ ಮಡಿಲಿಗೇ.

ಪರದೆಯದೇ ಹೆಚ್ಚು ತಾಪತ್ರಯ. ಅಂಗಡಿಯ ದೃಶ್ಯದಲ್ಲಿ ಅದನ್ನು ಬಳೆಗಳ ಸಮೇತ ಕಿತ್ತು ತಂದಿರುತ್ತಾರೆ, ಕ್ರಿಸ್ಮಸ್ ಬೆಳಗ್ಗೆ ಸ್ಕ್ರೂಜ್ ಅದೇ ಪರದೆ ತಬ್ಬಿಕೊಂಡು ಇನ್ನೂ ಇಲ್ಲೇ ಇದೆ ಅಂತ ಕಿರುಚಬೇಕು. ನಡುವೆ ಇರುವುದು ಏಳೆಂಟು ನಿಮಿಷ. ಒಂದೇ ಜೊತೆಯನ್ನು ಕಿತ್ತು ಮತ್ತೆ ತೂಗುಹಾಕಲು ಹೋದರೆ ಒಂದು ಕೊಂಡಿ ಖಂಡಿತ ಸಿಕ್ಕಿಕೊಳ್ಳುತ್ತದೆ. ಒಂದೇ ಥಾನಿನ ಬಟ್ಟೆಯಲ್ಲಿ ಎರಡು ಜೊತೆ ಹೊಲಿಸಿ. ಅಂಗಡಿಯವರ ಗಂಟಿನಲ್ಲಿ ಮೊದಲಿಂದಲೂ ಎರಡನೇ ಜೊತೆ ಇರಲಿ. ಮಂಚದ ಮೇಲಿನದನ್ನು ಆ ಹೊತ್ತಿಗೆ ಕಂಬಗಳಿಗೆ ಸುತ್ತಿ ಕಪ್ಪು ಪಟ್ಟಿಯಿಂದ ಕಟ್ಟಿಬಿಡಿ. ಬೆಳಗ್ಗೆ ಪಟ್ಟಿ ಎಳೆದರೆ ಪರದೆ ತಾನಾಗಿ ಬೀಳುತ್ತದೆ. ಪಟ್ಟಿಯ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದಿರಬೇಕು, ವೆಲ್ಕ್ರೋ ಬೇಡ. ಅದರ ಪರ್‌ ಅನ್ನುವ ಸದ್ದು ಕೊನೆಯ ಸಾಲಿನ ತನಕ ಕೇಳುತ್ತದೆ.

ನಾಲ್ಕು ದೆವ್ವ, ನಾಲ್ಕು ಬಗೆ

ಮಾರ್ಲಿಯ ಸರಪಳಿಯಲ್ಲಿ ಹಣದ ಪೆಟ್ಟಿಗೆ, ಕೀಲಿಕೈ, ಬೀಗ, ಲೆಕ್ಕದ ಪುಸ್ತಕ, ಉಕ್ಕಿನ ಚೀಲ ತೂಗುತ್ತಿರುತ್ತವೆ. ನಿಜವಾದ ಕಬ್ಬಿಣ ಹೊರಿಸಿದರೆ ನಟನ ಸೊಂಟ ಮುರಿಯುತ್ತದೆ. ಪ್ಲಾಸ್ಟಿಕ್ ಸರಪಳಿ ಹಗುರ, ಆದರೆ ನೆಲಕ್ಕೆ ತಾಗಿದಾಗ ಟಕಟಕ ಅಂದು ಬಣ್ಣ ಬಯಲಾಗುತ್ತದೆ. ಮೈಮೇಲೆ ಪ್ಲಾಸ್ಟಿಕ್, ಹಿಂದೆ ಎಳೆದುಕೊಂಡು ಬರುವ ಕೊನೆಯ ಒಂದು ಮೀಟರ್ ಮಾತ್ರ ಉಕ್ಕು. ಸದ್ದು ಬರುವುದು ಅಲ್ಲಿಂದಲೇ. ಪೆಟ್ಟಿಗೆಗಳು ಥರ್ಮಾಕೋಲಿನವು. ಬಟ್ಟೆಯಲ್ಲಿ ಕಟ್ಟಿದ ದವಡೆಯನ್ನು ಬಿಚ್ಚುವ ಕ್ಷಣ ಬಿಡಬೇಡಿ, ಮಾರ್ಲಿಯ ಭಯವೆಲ್ಲ ಅಲ್ಲಿದೆ. ಬಾಗಿಲು ತಟ್ಟುವ ಲೋಹದ ಕೊಂಡಿಯಲ್ಲಿ ಅವನ ಮುಖ ಕಾಣಲು ಬಾಗಿಲಿನ ಒಂದು ಚೌಕಕ್ಕೆ ಜಾಳು ಬಟ್ಟೆ ಬಿಗಿದು ಬಣ್ಣ ಹಚ್ಚಿ. ಮುಂದಿನಿಂದ ಬೆಳಕು ಬಿದ್ದಾಗ ಅದು ಹಲಗೆ, ಮುಂದಿನ ಬೆಳಕು ಇಳಿಸಿ ಹಿಂದಿನದು ಏರಿಸಿದರೆ ಮುಖ. ಇದು ಕೈಕೊಡುವುದು ಒಂದೇ ಕಾರಣಕ್ಕೆ: ಸ್ಕ್ರೂಜ್ ಮೇಲಿನ ಸ್ಪಾಟ್ ಬಾಗಿಲಿಗೂ ಚೆಲ್ಲುತ್ತಿರುತ್ತದೆ. ಆ ಸ್ಪಾಟ್ ಪಕ್ಕದಿಂದ ಬರಲಿ, ಮಾರ್ಲಿ ಬಟ್ಟೆಯಿಂದ ಒಂದು ಮೀಟರ್ ಹಿಂದೆ ನಿಂತಿರಲಿ.

ಭೂತಕಾಲದ ದೆವ್ವ ಮಗುವೂ ಹೌದು ಮುದುಕನೂ ಹೌದು; ನೆತ್ತಿಯಿಂದ ಬೆಳಕು, ಕೈಯಲ್ಲಿ ಅದನ್ನು ಆರಿಸುವ ಟೋಪಿ. ಬೆಚ್ಚನೆ ಬಣ್ಣದ ಎಲ್‌ಇಡಿ ಪಟ್ಟಿ, ತಲೆಕಟ್ಟಿನಲ್ಲಿ ಹೊಲಿದು, ಬ್ಯಾಟರಿ ಬೆನ್ನಿಗೆ, ಸ್ವಿಚ್ ಅಂಗೈಗೆ. ನೀಲಿ ಛಾಯೆಯ ಎಲ್‌ಇಡಿ ತಂದರೆ ಆಸ್ಪತ್ರೆ ಕಾರಿಡಾರಿನ ಹಾಗೆ ಕಾಣುತ್ತದೆ. ಮೊದಲಾರ್ಧದ ಕೊನೆ ಇಲ್ಲಿ ತಾನಾಗೇ ಸಿಗುತ್ತದೆ. ಮದುವೆಯಾಗಬೇಕಿದ್ದ ಬೆಲ್ ಅವನನ್ನು ತೊರೆದದ್ದನ್ನು, ಆಮೇಲೆ ಅವಳ ತುಂಬಿದ ಮನೆಯನ್ನು ನೋಡಲಾರದೆ ಸ್ಕ್ರೂಜ್ ಆ ಟೋಪಿ ಕಿತ್ತುಕೊಂಡು ದೆವ್ವದ ತಲೆಗೆ ಒತ್ತುತ್ತಾನೆ, ಬೆಳಕು ಕೆಳಗಿನಿಂದ ಚೆಲ್ಲುತ್ತಲೇ ಇರುತ್ತದೆ. ಅವನು ಮೊದಲ ಸಲ ಕೈಯಾರೆ ಏನನ್ನೋ ಮಾಡುವುದು ಇಲ್ಲೇ; ವಿರಾಮ ಇದರ ಮೇಲೇ ಬೀಳಲಿ. ಟೋಪಿಯ ಒಳಗೆ ಎರಡು ಪದರ ಕಪ್ಪು ಬಟ್ಟೆ ಇಲ್ಲದಿದ್ದರೆ ಟೋಪಿಯೇ ಲಾಂದ್ರವಾಗುತ್ತದೆ.

ವರ್ತಮಾನದ ದೆವ್ವ ಹಸಿರು ನಿಲುವಂಗಿಯ ದೈತ್ಯ, ಮತ್ತು ರಾತ್ರಿ ಕಳೆದಂತೆ ಮುದಿಯಾಗುತ್ತದೆ. ಬಹುತೇಕ ಪ್ರಯೋಗಗಳು ಈ ಮುಪ್ಪನ್ನು ಮರೆಯುತ್ತವೆ. ಮೊದಲು 30 ಸೆಂಟಿಮೀಟರ್ ಎತ್ತರದ ಕಟ್ಟೆಯ ಮೇಲೆ ಕಾಣಿಸಲಿ, ಆಮೇಲೆ ನೆಲದ ಮೇಲೆ, ಕೊನೆಗೆ ಬೆನ್ನು ಬಾಗಲಿ. ಎರಡು ನಿರ್ಗಮನಗಳಲ್ಲಿ ಗಡ್ಡ ಬದಲಾಗಲಿ. ನಿಲುವಂಗಿಯ ಕೆಳಗಿಂದ ಬರುವ ಇಬ್ಬರು ಮಕ್ಕಳು, ಅಜ್ಞಾನ ಮತ್ತು ಅಭಾವ, ಕಡ್ಡಾಯ. 1834ರ ಬಡವರ ಕಾಯ್ದೆ, ಬಡವರನ್ನು ಇರಿಸಿ ದುಡಿಸುತ್ತಿದ್ದ ವರ್ಕ್‌ಹೌಸ್‌ಗಳು, ಗಣಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬಂದ ಸರಕಾರಿ ವರದಿಗಳು, ಇವೆಲ್ಲ ಡಿಕನ್ಸ್‌ಗೆ ಈ ಕಥೆ ಬರೆಯುವಾಗ ತಲೆಯಲ್ಲಿದ್ದವು. ಸೆರೆಮನೆಗಳಿಲ್ಲವೇ, ವರ್ಕ್‌ಹೌಸ್‌ಗಳಿಲ್ಲವೇ ಅಂತ ಸ್ಕ್ರೂಜ್ ಕಚೇರಿಯಲ್ಲಿ ಕೇಳಿದ್ದಕ್ಕೆ ಉತ್ತರ ಸಿಗುವುದು ಇಲ್ಲಿ. ಮಕ್ಕಳನ್ನು 22 ನಿಮಿಷ ಬಟ್ಟೆಯೊಳಗೆ ಬಚ್ಚಿಡಲಾಗದು. ಕೊನೆಯ ಬೆಳಕಿನ ಬದಲಾವಣೆಯಲ್ಲಿ ಮಂಚದ ಹಿಂದಿನಿಂದ ತೆವಳಿ ಒಳಸೇರಲಿ. ಈ ದೃಶ್ಯಕ್ಕೆ ಡ್ರೈ ಐಸ್ ಹೊಗೆ ಬಳಸಲೇಬೇಡಿ. ಅದು ಕಾರ್ಬನ್ ಡೈಆಕ್ಸೈಡ್, ಗಾಳಿಗಿಂತ ಭಾರ, ನೆಲಕ್ಕೆ ಅಂಟಿ ಹರಿಯುತ್ತದೆ. ತೆವಳುವ ಮಗುವಿನ ಮೂಗು ಸರಿಯಾಗಿ ಆ ಮಟ್ಟದಲ್ಲೇ ಇರುತ್ತದೆ.

ಭವಿಷ್ಯದ ದೆವ್ವಕ್ಕೆ ಮಾತಿಲ್ಲ, ಮುಖವಿಲ್ಲ, ಒಂದು ಕೈ ಮಾತ್ರ. ಎತ್ತರದ ನಟನನ್ನು ಹುಡುಕಿ. ಮರಗಾಲು ಕಟ್ಟಿ ಕತ್ತಲಲ್ಲಿ ನಡೆಸುವ ಸಾಹಸ ಬೇಡ. ಮುಖಕ್ಕೆ ಕಪ್ಪು ಜಾಳು ಬಟ್ಟೆ, ನಿಲುವಂಗಿಯ ಅಂಚು ನೆಲದಿಂದ ನಾಲ್ಕು ಸೆಂಟಿಮೀಟರ್ ಮೇಲೆ. ಇಲ್ಲಿ ಕೆಡುವುದು ಸಂಗೀತದಿಂದ. ಗುಡುಗು, ಆರ್ಗನ್, ನಿಟ್ಟುಸಿರು ಎಲ್ಲ ತುಂಬಿದರೆ ದೆವ್ವದ ಮೌನವೇ ಕೇಳಿಸುವುದಿಲ್ಲ. ದೆವ್ವ ಕೈ ಎತ್ತುವುದು ಇಡೀ ಭಾಗದಲ್ಲಿ ಐದಾರು ಸಲ ಮಾತ್ರ, ಪ್ರತಿ ಸಲವೂ ಸ್ಕ್ರೂಜ್ ಮಾತು ನಿಂತ ಮೇಲೆ.

ಪಾತ್ರ ಹಂಚುವಾಗ

ಹತ್ತು ಜನ ದೊಡ್ಡವರು, ನಾಲ್ಕೈದು ಮಕ್ಕಳಿದ್ದರೆ ಆಗುತ್ತದೆ. ಸ್ಕ್ರೂಜ್‌ಗೂ ಬಾಬ್‌ಗೂ ಎರಡನೇ ಪಾತ್ರ ಬೇಡ. ಯುವಕ ಸ್ಕ್ರೂಜ್‌ನನ್ನೂ ಫ್ರೆಡ್‌ನನ್ನೂ ಒಬ್ಬನೇ ಮಾಡಲಿ. ಫ್ರೆಡ್ ತಂಗಿಯ ಮಗ, ಹೋಲಿಕೆ ಸಹಜ, ತಾನು ಹೀಗಿರಬಹುದಿತ್ತು ಅನ್ನುವುದೂ ಸೇರಿಕೊಳ್ಳುತ್ತದೆ. ಫೆಜ್ಜಿವಿಗ್ ಮಾಡಿದವನೇ ವರ್ತಮಾನದ ದೆವ್ವ. ವೇಷ ಬದಲಿಸಲು ನಡುವೆ ಬೆಲ್‌ನ ದೃಶ್ಯವೂ ವಿರಾಮವೂ ಇದೆ. ಮಾರ್ಲಿ ಮತ್ತು ಅಂಗಡಿಯ ಜೋ, ದಾನ ಕೇಳುವ ಇಬ್ಬರು ಮತ್ತು ಸತ್ತವನ ಬಗ್ಗೆ ಹರಟುವ ವ್ಯಾಪಾರಿಗಳು, ಹೀಗೆ ಜೋಡಿಸಬಹುದು. ಟೈನಿ ಟಿಮ್‌ಗೆ ಅಳಿಸುವ ಮಗು ಹುಡುಕಬೇಡಿ, ಹಗುರ ಮಗು ಹುಡುಕಿ. ಬಾಬ್ ಅವನನ್ನು ಪ್ರತಿ ಪ್ರದರ್ಶನದಲ್ಲೂ ಹೆಗಲ ಮೇಲೆ ಹೊತ್ತು ಬರಬೇಕು. ಊರುಗೋಲು ಯಾವ ಕಂಕುಳಲ್ಲಿ ಅನ್ನುವುದನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ, ಇಲ್ಲದಿದ್ದರೆ ಎರಡನೇ ದಿನ ಕಾಲು ಬದಲಾಗಿರುತ್ತದೆ. ಅವನಿಗೆ ಪುಸ್ತಕದಲ್ಲಿ ಇರುವುದಕ್ಕಿಂತ ಒಂದು ಮಾತೂ ಹೆಚ್ಚು ಕೊಡಬೇಡಿ.

ಕನ್ನಡದಲ್ಲಿ ಆಡಿಸುವಾಗ ಸ್ಕ್ರೂಜ್ ಬಾಬ್‌ಗೆ ‘ನೀನು’ ಅನ್ನಲಿ, ಬಾಬ್ ‘ತಾವು’ ಅನ್ನಲಿ, ಕೊನೆಯ ದೃಶ್ಯದಲ್ಲೂ ಹಾಗೇ ಇರಲಿ. ಸ್ಕ್ರೂಜ್ ದಿಢೀರನೆ ಬಹುವಚನಕ್ಕೆ ಏರಿದರೆ ಬಾಬ್‌ಗಿಂತ ಪ್ರೇಕ್ಷಕರೇ ಹೆದರುತ್ತಾರೆ.

ಕಾಲದ ವಿಷಯಕ್ಕೆ ಒಂದೆರಡು ಎಚ್ಚರಿಕೆ. ಪುಸ್ತಕ ಹೊರಬಂದದ್ದು 1843ರ ಡಿಸೆಂಬರ್ 19ರಂದು. ಕ್ರ್ಯಾಚಿಟ್ ಮೇಜಿನ ಮೇಲೆ ಪಟಾಕಿಯಂತೆ ಎಳೆಯುವ ಕ್ರ್ಯಾಕರ್, ತಲೆಗೆ ಕಾಗದದ ಕಿರೀಟ ಇಡಬೇಡಿ, ಅವು ಆಮೇಲೆ ಬಂದವು. ಮೂಲೆಯಲ್ಲಿ ಕ್ರಿಸ್ಮಸ್ ಮರವೂ ಬೇಡ. ವಾರಕ್ಕೆ 15 ಷಿಲಿಂಗ್ ಸಂಬಳದ ಗುಮಾಸ್ತನ ಮನೆಗೆ ಅದು ಆಗಿನ್ನೂ ಕಾಲಿಟ್ಟಿರಲಿಲ್ಲ, ಹಾಲಿ ಎಂಬ ಗಿಡದ ಎಲೆ ಸಾಕು. ಹಬ್ಬದೂಟದ ಹೆಬ್ಬಾತು ಬೇಯುವುದು ಮನೆಯಲ್ಲಲ್ಲ, ಬೇಕರಿಯ ಒಲೆಯಲ್ಲಿ; ಮಕ್ಕಳು ಹೊರಗಿನಿಂದ ಹೊತ್ತು ತರಬೇಕು. ಕಡುಬು ಬೇಯುವುದು ಬಟ್ಟೆ ಒಗೆಯುವ ಹಂಡೆಯಲ್ಲಿ. ಬಡತನವನ್ನು ಹರಿದ ಬಟ್ಟೆಗಿಂತ ಈ ಎರಡು ಸಂಗತಿ ಚೆನ್ನಾಗಿ ಹೇಳುತ್ತವೆ. ಹೆಬ್ಬಾತು ಚಿಕ್ಕದಿರಲಿ, ಎಲ್ಲರೂ ಅದನ್ನು ದೊಡ್ಡದೆಂದು ಹೊಗಳಲಿ.

ಹಕ್ಕಿನ ತೊಂದರೆಯಿಲ್ಲ: ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಮೂಲ ಎಲ್ಲರದು. 1844ರ ಫೆಬ್ರವರಿ ಮುಗಿಯುವುದರೊಳಗೆ ಲಂಡನ್ನಿನಲ್ಲೇ ಎಂಟು ರಂಗರೂಪಗಳು ಆಡುತ್ತಿದ್ದವು. ಆದರೆ ಈಚಿನವರ ರಂಗರೂಪ, ಅನುವಾದ, ಹಾಡು ಬಳಸಿದರೆ ಅವರ ಅನುಮತಿ ಬೇಕು. ಸಿನಿಮಾದಲ್ಲಿ ನೋಡಿದ ದೃಶ್ಯವನ್ನು ಮೂಲದಲ್ಲಿದೆ ಅಂದುಕೊಂಡು ಎತ್ತಿಬಿಡುವುದು ಸಾಮಾನ್ಯ. ಪ್ರತಿ ದೃಶ್ಯವನ್ನೂ ಪುಸ್ತಕದ ಪಕ್ಕ ಇಟ್ಟು ನೋಡಿ.

ಉದಾಹರಣೆಗೆ, ಕ್ರಿಸ್ಮಸ್ ದಿನವೇ ಸ್ಕ್ರೂಜ್ ಟರ್ಕಿ ಕೋಳಿ ಹೊತ್ತು ಬಾಬ್ ಮನೆಗೆ ಹೋಗುವುದು ಪುಸ್ತಕದಲ್ಲಿಲ್ಲ. ಕೋಳಿಯನ್ನು ಹೆಸರು ಹೇಳದೆ ಕಳಿಸುತ್ತಾನೆ, ತಾನು ಹೋಗುವುದು ಫ್ರೆಡ್ ಮನೆಗೆ. ಆ ಬಾಗಿಲ ಮುಂದೆ ಹತ್ತಾರು ಸಲ ಅತ್ತಿತ್ತ ಓಡಾಡಿ ಧೈರ್ಯ ತಂದುಕೊಳ್ಳುತ್ತಾನೆ. ಮರುದಿನ ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬಂದಾಗ ಸಿಟ್ಟಿನ ನಾಟಕವಾಡಿ ಸಂಬಳ ಏರಿಸುತ್ತಾನೆ. ಎರಡನ್ನೂ ಒಂದು ಮಾಡಿದರೆ ನಾಲ್ಕು ನಿಮಿಷ ಉಳಿಯುತ್ತದೆ, ಬಾಗಿಲು ತಟ್ಟುವ ಅಂಜಿಕೆಯೂ ಕಚೇರಿಯ ತಮಾಷೆಯೂ ಹೋಗುತ್ತದೆ. ಹನ್ನೊಂದು ನಿಮಿಷದಲ್ಲಿ ಎರಡೂ ಹಿಡಿಸುತ್ತವೆ, ಹುಡುಗನನ್ನು ಕಿಟಕಿಯಿಂದ ಕೂಗುವ ಮಾತನ್ನು ಬಿಗಿ ಮಾಡಿದರೆ.

ಹಿಮ ಬೀಳಿಸುವ ಆಸೆ ಇದ್ದೇ ಇರುತ್ತದೆ. ನೊರೆ ಉಗುಳುವ ಯಂತ್ರ ನೆಲವನ್ನು ಜಾರುಬಂಡೆ ಮಾಡುತ್ತದೆ. ಸುಲಭಕ್ಕೆ ಬೆಂಕಿ ಹತ್ತದಂತೆ ಸಂಸ್ಕರಿಸಿದ ಕಾಗದದ ಚೂರು ವಾಸಿ. ಸೀಳುಗಳಿರುವ ಉದ್ದನೆ ಬಟ್ಟೆಯನ್ನು ತೊಟ್ಟಿಲಿನ ಹಾಗೆ ಮೇಲೆ ಕಟ್ಟಿ, ಒಂದು ಅಂಚಿನ ಹಗ್ಗ ಎಳೆದು ಅಲುಗಿಸಿದರೆ ಉದುರುತ್ತದೆ. ಚೂರುಗಳನ್ನು ಗುಡಿಸಿ ಮರುದಿನ ತುಂಬುವಾಗ ಜರಡಿ ಹಿಡಿಯಿರಿ, ಮೊಳೆ ಸ್ಕ್ರೂಗಳೂ ಅದರ ಜೊತೆ ಮೇಲೇರಿರುತ್ತವೆ. ಕಚೇರಿಯ ಹೊರಗೆ ಒಮ್ಮೆ, ಕೊನೆಯ ಹಾಡಿಗೆ ಒಮ್ಮೆ ಬಿಟ್ಟರೆ ಸಾಕು. ಪ್ರೇಕ್ಷಕರಿಗೆ ನಮಸ್ಕರಿಸಲು ಎಲ್ಲರೂ ಓಡಿ ಬರುವ ಮೊದಲೇ ನಿಲ್ಲಿಸಿ, ಇಬ್ಬರು ಅಗಲ ಪೊರಕೆ ಹಿಡಿದು ಮುಂಭಾಗ ಗುಡಿಸಲಿ. ಮೇಳದವರೇ ಆ ಕೆಲಸ ಮಾಡಿದರೆ ಅದೂ ದೃಶ್ಯದ ಭಾಗವಾಗಿಯೇ ಕಾಣುತ್ತದೆ.